ಐದನೆಯ ಗೂಡು

ಇಟಲಿಯ ಕಾರ್ಖಾನೆಯಲ್ಲಿ ಮೊನ್ನೆ ಮೊನ್ನೆ ಹುಟ್ಟಿ
ನೂರೈವತ್ತು ವರ್ಷ ಹಳೆಯವನೆಂದು ಸುಳ್ಳು ಹೇಳುವ
ಅಂಗೈಯಗಲದ ರಿವಾಲ್ವರು.
ವಿರಾಜಪೇಟೆ ಕೋರ್ಟಿನ ಬೆರಳಚ್ಚುಗಾರ್ತಿ ಚೋಂದವ್ವ
ಲೈಸೆನ್ಸಿನ ಜೊತೆ ಬೈರಾಸಿನಲ್ಲಿ ಸುತ್ತಿ ತಂದು
ನನ್ನ ಲೇತಿನ ಪಕ್ಕ ಇಟ್ಟಳು:
“ಮಂದಣ್ಣ, ಇದು ನಾನು ನೋಡಿದ ಕಡೆ ನೋಡುವುದಿಲ್ಲ.”

ಗೋಣಿಕೊಪ್ಪದ ಈ ಶೆಡ್ಡಿಗೆ ಬರುವುದು
ಹೆಚ್ಚಾಗಿ ಕಾಫಿ ಪಲ್ಪರು, ಗರಗಸ;
ಕೈಲ್‌ಪೊಳ್ದ್ ಹತ್ತಿರವಾದರೆ ಕೋವಿಗಳು
ಸಾಲಾಗಿ ಬರುತ್ತವೆ, ಕೆಮ್ಮುವ ಅಜ್ಜಂದಿರಂತೆ.
ಇದು ಜೇಬಿಗೆಂದು ಹುಟ್ಟಿದ್ದು.
ಗುರಿಯೆಂದರೆ ಮೂತಿಯ ತುದಿಗೊಂದು ಹಿತ್ತಾಳೆ ಮಣಿ,
ಸುತ್ತಿಗೆಯ ನೆತ್ತಿಯಲ್ಲೊಂದು ಗೀರು.
ಸುತ್ತಿಗೆ ಎತ್ತದೆ ಗೀರು ಕಾಣದು:
ಸಿಟ್ಟು ಬಂದಾಗ ಮಾತ್ರ ಕಣ್ಣು ಬಿಡುವ ತಳಿ.

ಕೊಯ್ಲಾದ ಗದ್ದೆಯಲ್ಲಿ, ಏರಿಗೆ ಆನಿಸಿ
ಕಳೆದ ವರ್ಷದ ಸೊಸೈಟಿ ಕ್ಯಾಲೆಂಡರಿನ ಬೆನ್ನಿಗೆ
ಕಿತ್ತಳೆಯೊಂದನ್ನು ಒತ್ತಿ ಗೆರೆ ಎಳೆದೆವು.
ಹದಿನೈದು ಹೆಜ್ಜೆ. ಐದು ಗುಂಡು.
ಗೆರೆಯೊಳಗೆ ಏನೂ ಆಗಲಿಲ್ಲ.
ಒಂದು ಗೇಣು ಮೇಲೆ, ಅಕ್ಕಿರೊಟ್ಟಿಯಗಲ ಚೆದುರಿ
ನಾಲ್ಕು ತೂತು; ಇನ್ನೊಂದು ರೊಟ್ಟಿಯ ಹೊರಗೆ.

“ನನ್ನ ಕೈ ನಡುಗಿತಾ?”
“ನಡುಗಿದ್ದರೆ ಊರೆಲ್ಲ ತಿರುಗಬೇಕಿತ್ತು.
ಇದು ಮೇಲೆಯೇ ಹೋಗಿದೆ. ನಿಯತ್ತಾಗಿ ತಪ್ಪುವುದು
ಅರ್ಧ ಸರಿಯಿದ್ದ ಹಾಗೆ.”

ಒಂದು ಸಲಕ್ಕೆ ಒಂದೇ ಬದಲಾವಣೆ. ಇದು ಅಪ್ಪನ ಕಟ್ಟಳೆ.
ಅಪ್ಪ ಒಮ್ಮೆ ಎರಡು ತಿರುಪು ಒಟ್ಟಿಗೆ ತಿರುಗಿಸಿ
ಯಾವುದು ಗುಣ ಮಾಡಿತೆಂದು ತಿಳಿಯದೆ
ಮೂರು ದಿನ ನೆಟ್ಟಗೆ ಉಣ್ಣಲಿಲ್ಲ.

ಮೊದಲು ಮದ್ದು ತಗ್ಗಿಸಿದೆ. ತಗ್ಗಿದ ಜಾಗಕ್ಕೆ
ರವೆ (ಉಪ್ಪಿಟ್ಟಿನದೇ, ಹುರಿಯದ್ದು, ಚಿಟಿಕೆಯಷ್ಟು)
ಗುಂಡು ಗೂಡಿನ ಬಾಯಿಗೆ ಹತ್ತಿರ ಕೂರಲೆಂದು.
ಆಳದಿಂದ ಎದ್ದು ಓಡುವವನು ಹೊಸ್ತಿಲಲ್ಲಿ ಎಡವುತ್ತಾನೆ.
ಮೇಲೆ ಜೇನುಮೇಣ, ಕುರಿಕೊಬ್ಬಿನಲ್ಲಿ ಕಲಸಿ ಬಳಿದದ್ದು.
ಮಾಕುಟ್ಟದ ಕಾಡಿನ ಮೇಣ; ಬೆರಳು ಮೂಸಿದರೆ
ಇನ್ನೂ ಯಾವುದೋ ಹೂವಿನ ಕಡೆಗೆ ಕರೆಯುತ್ತಿತ್ತು.
ರೊಟ್ಟಿ ಕುಗ್ಗಿ ಕಡಂಬುಟ್ಟಾಯಿತು.

ಆಮೇಲೆ ಮಣಿ. ಹಳೆಯದನ್ನು ಕಿತ್ತು
ಎತ್ತರದ್ದೊಂದು ಕೂರಿಸಿದೆ, ಬೇಕೆಂದೇ ಎತ್ತರ.
ಗುಂಡೀಗ ಮಣ್ಣು ಕುಕ್ಕಿತು.
ಅರದ ಎರಡು ಎಳೆತ, ಒಂದು ಗುಂಡು.
ಎರಡು ಎಳೆತ, ಒಂದು ಗುಂಡು.
ಉಜ್ಜಿದ್ದನ್ನು ಮತ್ತೆ ಅಂಟಿಸಲಾಗದು.
ಸಂಜೆಗೆ ಗೆರೆಯ ಬದಲು ನಿಜದ ಕಿತ್ತಳೆ ಇಟ್ಟೆವು,
ರಸ ಕಾರಿತು. ಚೋಂದವ್ವ ಕೂಗಲಿಲ್ಲ,
ಗಂಧಕ ಹತ್ತಿದ ಕೈ ಮೂಸಿಕೊಂಡಳು, ಅಷ್ಟೆ.

ಆದರೂ ಪ್ರತಿ ಸುತ್ತಿನಲ್ಲೊಂದು ಗುಂಡು
ಬಲಕ್ಕೆ ಹೋಗಿ ಹುಲ್ಲು ಮಾತಾಡಿಸುತ್ತಿತ್ತು.
ಗೂಡುಗಳಿಗೆ ಉಗುರುಬಣ್ಣದ ಚುಕ್ಕೆ ಇಟ್ಟು ಹಿಡಿದೆವು:
ಐದನೆಯದು. ಕೂದಲೆಳೆಯಷ್ಟು ಓರೆ ಕೊರೆದದ್ದು.
ಇಟಲಿಯಲ್ಲಿ ಯಾರಿಗೋ ಆ ಮಧ್ಯಾಹ್ನ ನಿದ್ದೆ ಬಂದಿರಬೇಕು.

“ಹೊಸ ಉರುಳೆ ತರಿಸಬಹುದು. ಆರು ತಿಂಗಳು, ರಾಶಿ ಕಾಗದ.”
“ಬೇಡ. ನಾಲ್ಕಕ್ಕೆ ಗುಂಡು. ಐದನೆಯದು ಬೇರೆ ಕೆಲಸಕ್ಕೆ.”
ಯಾವ ಕೆಲಸ ಅಂತ ನಾನು ಕೇಳಲಿಲ್ಲ.

ಪುತ್ತರಿಗೆ ನಾಲ್ಕು ದಿನ ಇರುವಾಗ
ಅವಳ ತಮ್ಮನಿಗೆ ಮಗಳು ಹುಟ್ಟಿದಳು.
ಗಂಡಾದರೆ ಒಂದು ಗುಂಡು, ಅದು ಹಿಂದಿನ ವಾಡಿಕೆ;
ಸತ್ತರೆ ಎರಡು.
ಆ ಮನೆಯ ತೋಕ್ ಗೋಡೆಯಲ್ಲೇ ಇತ್ತು.
ಚೋಂದವ್ವ ಕಚೇರಿ ಸೀರೆಯಲ್ಲೇ ಬಂದು
ನನ್ನನ್ನೂ ಜೀಪು ಹತ್ತಿಸಿಕೊಂಡಳು,
ಕೆಟ್ಟರೆ ಬೈಯಲು ಯಾರಾದರೂ ಬೇಕಲ್ಲ.

ಐದನೆಯ ಗೂಡಿಗೆ ಮದ್ದು, ರವೆ, ಮೇಣ.
ಗುಂಡಿಲ್ಲ.
ಅಂಗಳದಲ್ಲಿ ನಿಂತು ಮೇಲಕ್ಕೆ ಹಿಡಿದಳು.
ಓರೆ ಗೂಡಿಗೆ ಆಕಾಶದಲ್ಲಿ ಎಡವೇನು, ಬಲವೇನು.

ಸದ್ದು ಅಂಥ ದೊಡ್ಡದಲ್ಲ, ಬಾಗಿಲು ಬಡಿದ ಹಾಗೆ.
ಒಳಗೆ ಮಗು ಅತ್ತಿತು.
“ಯಾರದು?” ಎಂದಿತು ಹಿರಿಯ ಗಂಟಲೊಂದು;
ಯಾರೂ ಉತ್ತರ ಕೊಡಲಿಲ್ಲ.

ಬಿಸಿನೀರು ಕೇಳಿ ಜಗಲಿಯ ಕೆಳಗೆ ಕೂತೆ.
ಕರಿಮದ್ದಿಗೆ ಅದೇ ದಿನ ಸ್ನಾನ ಆಗಬೇಕು,
ಇಲ್ಲವಾದರೆ ತುಕ್ಕು.
ಕಲ್ಲಿನ ಮೇಲೆ ಉದುರಿದ ರವೆ, ಅರೆಸುಟ್ಟದ್ದು.
ಇರುವೆಗಳು ಆಗಲೇ ಬಂದಿದ್ದವು,
ಸಾಲು ನೇರ.